ಬಿದ್ದವನೇ ಒದೆಯಬೇಕು

ನೋಯುತ್ತಿದೆಯೇ? ಸುಮುಖ್ ತನ್ನ ಕಾಲನ್ನೇ ಕೇಳಿಕೊಂಡ. ಕಾಲು ಉತ್ತರ ಕೊಡಲಿಲ್ಲ.

ಬಿದ್ದಾಗ ಒಂದು ಕ್ಷಣ ಚುರುಕ್ ಎಂದದ್ದು ನಿಜ. ಈಗ? ಬೆರಳುಗಳನ್ನು ಆಡಿಸಿದ. ಆಡಿದವು. ಪಾದವನ್ನು ಮೆಲ್ಲಗೆ ತಿರುಗಿಸಿದ. ತಿರುಗಿತು. ಡೂಮಸ್ ಬೀಚಿನ ಕಪ್ಪು ಮರಳು ಕೆನ್ನೆಗೆ ಅಂಟಿತ್ತು. ಬೇಕೆಂದರೆ ಎದ್ದು ನಿಲ್ಲಬಹುದಿತ್ತು. ಆದರೆ ಎದ್ದು ನಿಂತರೆ ಕಿಕ್ ಒದೆಯಬೇಕಾಗುತ್ತಿತ್ತು.

ತೊಂದರೆ ಇದ್ದದ್ದು ಅಲ್ಲಿ.

ಮಾಮೂಲಿ ಫುಟ್‌ಬಾಲಿನಲ್ಲಿ ಎದುರಾಳಿ ಬೇಕೆಂದು ಬೀಳಿಸಿದರೆ ಫ್ರೀ ಕಿಕ್ ಸಿಗುತ್ತದೆ. ಅದನ್ನು ತಂಡದ ಯಾರು ಬೇಕಾದರೂ ಒದೆಯಬಹುದು. ಬೀಚ್ ಸಾಕರ್‌ನಲ್ಲಿ ಹಾಗಿಲ್ಲ. ಬಿದ್ದವನೇ ಒದೆಯಬೇಕು. ಎದುರಿಗೆ ಗೋಡೆಯ ಹಾಗೆ ಯಾರೂ ಅಡ್ಡ ನಿಲ್ಲುವಂತಿಲ್ಲ. ಒದೆಯುವವನು, ಚೆಂಡು, ದೂರದಲ್ಲಿ ಗೋಲ್‌ಕೀಪರ್, ಅಷ್ಟೇ. ಬಿದ್ದವನಿಗೆ ಜೋರು ಪೆಟ್ಟಾಗಿದ್ದರೆ ಮಾತ್ರ ಅವನ ಬದಲಿಗೆ ಒಳಗೆ ಬಂದವನು ಒದೆಯಬಹುದು.

ಜೋರು ಪೆಟ್ಟಾಗಿದ್ದರೆ ಮಾತ್ರ.

ಆ ಶನಿವಾರ ಬೆಳಿಗ್ಗೆಯ ಪಂದ್ಯದಲ್ಲೂ ಸುಮುಖನಿಗೆ ಒಂದು ಫ್ರೀ ಕಿಕ್ ಸಿಕ್ಕಿತ್ತು. ಓಡಿ ಬಂದು ಒದ್ದಿದ್ದ. ಬೆರಳುಗಳು ಮರಳಿಗೆ ಹೂತು, ಚೆಂಡು ಎರಡು ಮಾರು ಉರುಳಿ ನಿಂತಿತ್ತು. ಅಂಚಿನಲ್ಲಿ ನಿಂತಿದ್ದ ಹುಡುಗನೊಬ್ಬ, ನೋಡಿ, ಇವನು ಗೋಲಿ ಆಡುತ್ತಿದ್ದಾನೆ ಎಂದು ಗುಜರಾತಿಯಲ್ಲಿ ಕೂಗಿದ್ದ. ಭಜಿಯಾ ತಿನ್ನುತ್ತಾ ನಿಂತವರೂ ನಕ್ಕಿದ್ದರು.

ಈಗ ಸೆಮಿಫೈನಲ್. ಸೂರತ್‌ನ ವರಾಛಾ ಕಡೆಯ ಶಾಲೆಯ ಜೊತೆ ಎರಡು ಎರಡು ಸಮ. ಉಳಿದದ್ದು ಒಂದೇ ನಿಮಿಷ.

ರೆಫರಿ ಬಗ್ಗಿ ಕೇಳಿದರು. "ವಾಗ್ಯುಂ?"

ಪೆಟ್ಟಾಯಿತಾ ಎಂದು ಅವರು ಕೇಳಿದ್ದು. ಸುಮುಖನ ಕೈ ತಾನಾಗಿ ಹೋಗಿ ಬಲಗಾಲಿನ ಹರಡನ್ನು ಹೊರಬದಿಯಿಂದ ಹಿಡಿದುಕೊಂಡಿತು.

"ಹಾ," ಎಂದ.

ಅಷ್ಟು ಚಿಕ್ಕ ಮಾತು. ಅದು ಸಾಕಾಯಿತು. ಇಬ್ಬರು ಅವನನ್ನು ಹೆಗಲು ಕೊಟ್ಟು ಹೊರಗೆ ತಂದರು. ಬದಲಿ ಆಟಗಾರನಾಗಿ ಹೊರಗಿದ್ದ ಗೆಳೆಯ ಕಿಶೋರ್ ಒಳಗೆ ಓಡಿದ. ಎರಡು ಕೈಯಲ್ಲಿ ಮರಳನ್ನು ಗುಡ್ಡೆ ಮಾಡಿ, ಅದರ ನೆತ್ತಿಯ ಮೇಲೆ ಚೆಂಡಿಟ್ಟು, ನಾಲ್ಕು ಹೆಜ್ಜೆ ಹಿಂದೆ ಹೋಗಿ ಒದ್ದ. ಚೆಂಡು ಕೀಪರನ ಕೈ ಮೇಲಿಂದ ಹಾದು ಬಲೆಗೆ ಬಿತ್ತು.

ಎಲ್ಲರೂ ಕಿಶೋರನ ಮೇಲೆ ಬಿದ್ದು ಕುಣಿದರು. ಸುಮುಖನೂ ಎದ್ದು ಓಡಹೊರಟ. ಒಂದು ಹೆಜ್ಜೆ ಇಟ್ಟಮೇಲೆ ನೆನಪಾಗಿ ಕುಳಿತುಕೊಂಡ.

ಆ ವರ್ಷ ದುಬೈಯಲ್ಲಿ ಏಷ್ಯಾದ ದೇಶಗಳ ಬೀಚ್ ಸಾಕರ್ ಚಾಂಪಿಯನ್‌ಶಿಪ್ ನಡೆದಿತ್ತು. ಪಿ.ಟಿ. ಮಾಸ್ತರರಾದ ಗೋಹಿಲ್ ಸರ್ ಅವರ ಅಣ್ಣ ಅಲ್ಲೇ ಕೆಲಸದಲ್ಲಿದ್ದರು. ಪಂದ್ಯಗಳನ್ನು ಒಂದು ಸೀಡಿಯಲ್ಲಿ ತುಂಬಿಸಿ ಕಳಿಸಿದ್ದರು. ಸರ್ ಅದನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಹಾಕಿ ತೋರಿಸಿದ್ದರು. ಅದೇ ಹುರುಪಿನಲ್ಲಿ ಸೂರತ್‌ನ ಒಂದು ಕ್ಲಬ್ಬಿನವರು ಹನ್ನೆರಡು ವರ್ಷದೊಳಗಿನವರಿಗೆಂದು ಡೂಮಸ್‌ನಲ್ಲಿ ಒಂದು ಪಂದ್ಯಾವಳಿ ಇಟ್ಟರು. ಅದಕ್ಕೂ ಏಷ್ಯಾ ಕಪ್ ಎಂದೇ ಹೆಸರು. ಚೀಟಿ ಎತ್ತಿ ಒಂದೊಂದು ಶಾಲೆಗೆ ಒಂದೊಂದು ದೇಶದ ಹೆಸರು ಕೊಟ್ಟರು. ವರಾಛಾದವರು ಇರಾನ್. ಅಹಮದಾಬಾದಿನ ಮಣಿನಗರದವರು ಬಹ್ರೇನ್. ವಡೋದರಾದ ಮಂಜಲ್‌ಪುರದಿಂದ ಬಂದ ಸುಮುಖನ ಶಾಲೆ ಜಪಾನ್.

ಜಪಾನಿನಾಗ ತಿನ್ನಾಕ ಖಮಣ ಸಿಗತೈತೇನಲೇ ಎಂದು ಕೇಳಿ ಕಿಶೋರ್ ಸುಮುಖನನ್ನು ನಗಿಸಿದ್ದ. ಕಿಶೋರನ ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಊರು ಹುಬ್ಬಳ್ಳಿ. ಸುಮುಖನ ಅಪ್ಪ ಪದ್ಮನಾಭ ಬ್ಯಾಂಕಿನವರು. ಮೈಸೂರಿನಿಂದ ವರ್ಗವಾಗಿ ಬಂದವರು. ತರಗತಿಯಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ. ಒಬ್ಬನ ಕನ್ನಡಕ್ಕೆ ಇನ್ನೊಬ್ಬ ನಗುತ್ತಿದ್ದ. ಬೇರೆಯವರ ಮುಂದೆ ಗುಟ್ಟು ಹೇಳಿಕೊಳ್ಳಲು ಅದೇ ಕನ್ನಡ ಬೇಕಾಗುತ್ತಿತ್ತು.

ವಾಪಸು ಬರುವ ರೈಲಿನಲ್ಲಿ ಕಿಶೋರ್ ತನ್ನ ಕಿಟಕಿ ಸೀಟನ್ನು ಸುಮುಖನಿಗೆ ಬಿಟ್ಟುಕೊಟ್ಟ. ಅವನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

"ಎಲ್ಲಿ ನೋಯ್ತೈತಿ? ಇಲ್ಲೇ?" ಎಂದು ಹೊರಬದಿಯನ್ನು ಒತ್ತಿದ.

"ಹೂಂ."

"ಇಲ್ಲೇ?" ಒಳಬದಿಯನ್ನು ಒತ್ತಿದ.

"ಹೂಂ."

ಕಿಶೋರ್ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮತ್ತೆಲ್ಲೂ ಒತ್ತಲಿಲ್ಲ. ಡಬ್ಬಿಯಿಂದ ಥೇಪ್ಲಾ ತೆಗೆದು ಅರ್ಧ ಅವನಿಗೆ ಕೊಟ್ಟ.

ಮನೆಯಲ್ಲಿ ಅಮ್ಮ ನಳಿನಿ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಊತ ಕಾಣುತ್ತಿರಲಿಲ್ಲ. ಆದರೂ ಅಪ್ಪನನ್ನು ಪಾನ್ ಅಂಗಡಿಗೆ ಓಡಿಸಿ ಸುಣ್ಣ ತರಿಸಿದಳು. ಅರಿಸಿನದ ಜೊತೆ ಕಲಸಿದಳು. ಹಳದಿ ಕೆಂಪಾಯಿತು.

"ಅಮ್ಮಾ, ಅಷ್ಟೊಂದೇನಿಲ್ಲ."

"ಸುಮ್ನೆ ಕೂತ್ಕೊ. ಉಳುಕಿದ್ದು ಮೊದಲು ಗೊತ್ತಾಗಲ್ಲ."

ಬಿಸಿಬಿಸಿ ಲೇಪ ಹಚ್ಚಿ, ಹಳೆಯ ಸೀರೆಯ ಅಂಚು ಹರಿದು ಕಟ್ಟಿದಳು. ಊಟವನ್ನು ಅವನು ಕುಳಿತಲ್ಲಿಗೇ ತಂದುಕೊಟ್ಟಳು. ಲೇಪ ಒಣಗುತ್ತಾ ಬಂದಂತೆ ಚರ್ಮ ಬಿಗಿಯತೊಡಗಿತು. ಈಗ ಮಾತ್ರ ಕಾಲು ನಿಜವಾಗಿಯೂ ತುಸು ನೋಯುತ್ತಿದೆ ಅನ್ನಿಸಿತು ಸುಮುಖನಿಗೆ.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆ ಕಿಶೋರನಿಗೆ ಚಪ್ಪಾಳೆ ತಟ್ಟಿತು. ಬರುವ ಭಾನುವಾರವೇ ಫೈನಲ್. ಸುಮುಖನ ಜಾಗದಲ್ಲಿ ಕಿಶೋರ್ ಆಡುತ್ತಾನೆ, ಸುಮುಖ್ ಹೊರಗಿರುತ್ತಾನೆ ಎಂದು ಗೋಹಿಲ್ ಸರ್ ಹೇಳಿದರು. ಬೇಜಾರು ಮಾಡಿಕೊಳ್ಳಬೇಡ, ಕಾಲು ಮುಖ್ಯ ಎಂದರು.

ಸುಮುಖ್ ಆಮೇಲೆ ಒಬ್ಬನೇ ಅವರ ಬಳಿ ಹೋದ. ಕಾಲು ಸರಿಯಾಗಿದೆ ಸರ್ ಎಂದ. ಸರ್ ಅವನ ಕಾಲ್ಚೀಲ ಇಳಿಸಿ ನೋಡಿದರು. ಹರಡಿನ ಸುತ್ತ ಅರಿಸಿನ ಸುಣ್ಣದ ಕೆಂಪು ಬಣ್ಣ ಹಾಗೇ ಇತ್ತು. ಅವರು ತಲೆ ಅಲ್ಲಾಡಿಸಿ ಕಾಲ್ಚೀಲವನ್ನು ಮೇಲಕ್ಕೆಳೆದರು.

ಇನ್ನೊಂದು ವಾಕ್ಯ ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನು ಬಗ್ಗಿ ಶೂ ಲೇಸು ಬಿಗಿದ. ಬೆಲ್ ಹೊಡೆಯಿತು.

ಅವತ್ತು ಸಂಜೆ ಅವನು ಸರ್ ಅವರನ್ನು ಕೇಳಿ ಲ್ಯಾಬಿನಲ್ಲಿ ಆ ಸೀಡಿಯನ್ನು ಮತ್ತೆ ಹಾಕಿಸಿಕೊಂಡ. ಅದರಲ್ಲಿ ಒಬ್ಬ ಆಟಗಾರನನ್ನು ಎದುರಾಳಿ ಹಿಂದಿನಿಂದ ಬೀಳಿಸುತ್ತಾನೆ. ಬಿದ್ದವನು ಎದ್ದು ಬಾಯಲ್ಲಿದ್ದ ಮರಳನ್ನು ಉಗುಳುತ್ತಾನೆ. ಯಾರ ಮುಖವನ್ನೂ ನೋಡುವುದಿಲ್ಲ. ಮಂಡಿಯೂರಿ ಮರಳಿನ ಗುಡ್ಡೆ ಕಟ್ಟುತ್ತಾನೆ, ಚೆಂಡಿಡುತ್ತಾನೆ, ಒದೆಯುತ್ತಾನೆ. ಚೆಂಡು ಹೊರಗೆ ಹೋಗುತ್ತದೆ. ಅವನು ಏನೂ ಆಗದವನಂತೆ ತನ್ನ ಜಾಗಕ್ಕೆ ಓಡುತ್ತಾನೆ.

ಸುಮುಖ್ ಅದನ್ನು ನಾಲ್ಕು ಸಲ ನೋಡಿದ. ಕಿಕ್ಕನ್ನಲ್ಲ, ಅವನು ಏಳುವುದನ್ನು.

ಮಾತು ಬರದಿದ್ದರೆ ಬೇಡ, ಕಿಕ್ಕಾದರೂ ಬರಲಿ ಎಂದುಕೊಂಡ.

ಅವರ ಮನೆಯಿದ್ದ ಹೌಸಿಂಗ್ ಸೊಸೈಟಿಯ ಹಿಂದೆ ಹೊಸ ಫ್ಲ್ಯಾಟುಗಳು ಏಳುತ್ತಿದ್ದವು. ಲಾರಿಯವರು ಸುರಿದುಹೋದ ಮರಳಿನ ರಾಶಿ ಕಾಂಪೌಂಡಿನ ಪಕ್ಕ ಹರಡಿತ್ತು. ಅವರ ಶಾಲೆ ಇದ್ದದ್ದು ಮಧ್ಯಾಹ್ನದ ಶಿಫ್ಟು. ಬುಧವಾರ ಬೆಳಿಗ್ಗೆ, ಸ್ವಲ್ಪ ನಡೆದಾಡಿಕೊಂಡು ಬಾ ಎಂದು ಅಮ್ಮ ಕಳಿಸಿದಾಗ ಸುಮುಖ್ ಚೆಂಡನ್ನು ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋದ. ವಾಚ್‌ಮನ್ ಕಾಕಾ ಒಂದೇ ಷರತ್ತು ಹಾಕಿದರು. ಚೆಲ್ಲಿದ ಮರಳನ್ನೆಲ್ಲ ಬಾಂಡ್ಲಿಯಲ್ಲಿ ತುಂಬಿ ಮತ್ತೆ ರಾಶಿಗೆ ಸುರಿಯಬೇಕು.

ಗೋಡೆಯ ಮೇಲೆ ಇಟ್ಟಿಗೆ ಚೂರಿನಿಂದ ಗೋಲಿನ ಚೌಕ ಬರೆದ. ಗುಡ್ಡೆ ಕಟ್ಟಿದ. ಚೆಂಡಿಟ್ಟ. ಒದ್ದ.

ಚೆಂಡು ಎರಡು ಮಾರು ಉರುಳಿ ನಿಂತಿತು.

ಮತ್ತೆ ಕಟ್ಟಿದ, ಮತ್ತೆ ಒದ್ದ. ಗುಡ್ಡೆ ಸಡಿಲವಾಗಿದ್ದರೆ ಚೆಂಡು ಕುಸಿಯುತ್ತಿತ್ತು. ಅಂಗೈಯಿಂದ ತಟ್ಟಿ ಗಟ್ಟಿ ಮಾಡಿದರೆ ನಿಲ್ಲುತ್ತಿತ್ತು. ಬೆರಳ ತುದಿಯಿಂದ ಒದ್ದರೆ ಉಗುರು ನೋಯುತ್ತಿತ್ತು. ಪಾದದ ಮೇಲ್ಭಾಗದಿಂದ ಒದ್ದರೆ ಚೆಂಡು ಗಾಳಿಗೇಳುತ್ತಿತ್ತು. ಆದರೆ ಅದು ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಒಂದು ಸಲ ಸಿಮೆಂಟಿನ ಮೂಟೆಗಳ ಮೇಲೆ, ಒಂದು ಸಲ ಕಾಕಾ ಅವರ ಚಹಾದ ಲೋಟದ ಪಕ್ಕ. ಅವತ್ತು ಮರಳನ್ನು ರಾಶಿಗೆ ಸುರಿಯುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು.

ಗುರುವಾರ ಅವನು ಇನ್ನೂ ಬೇಗ ಹೋದ. ಓಡಿಬಂದು ಒದೆಯುತ್ತಿದ್ದ, ಚೆಂಡಿನ ಹಿಂದೆ ಓಡುತ್ತಿದ್ದ, ಹೆಕ್ಕಿಕೊಂಡು ಓಡಿಬರುತ್ತಿದ್ದ. ಹಾಗೆ ಓಡಿಬರುವಾಗ ನೋಡುತ್ತಾನೆ, ಕಬ್ಬಿಣದ ಸರಳುಗಳ ಹತ್ತಿರ ಸೈಕಲ್ ಹಿಡಿದುಕೊಂಡು ಕಿಶೋರ್ ನಿಂತಿದ್ದಾನೆ.

ಎಷ್ಟು ಹೊತ್ತಿನಿಂದ ನಿಂತಿದ್ದನೋ. ಸುಮುಖ್ ತಟ್ಟನೆ ನಿಧಾನವಾದ. ಕುಂಟಬೇಕೋ ಬೇಡವೋ ತಿಳಿಯಲಿಲ್ಲ. ಎರಡು ಹೆಜ್ಜೆ ಕುಂಟಿದ. ಮೂರನೆಯದಕ್ಕೆ ಅವನಿಗೇ ನಾಚಿಕೆಯಾಗಿ ನಿಂತುಬಿಟ್ಟ.

"ಕಾಲು ಹೆಂಗೈತಿ?" ಎಂದ ಕಿಶೋರ್.

"ಪರವಾಗಿಲ್ಲ ಕಣೋ."

"ಹಂ."

ಕಿಶೋರ್ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ಚಪ್ಪಲಿ ಬಿಚ್ಚಿದ. ಗೋಡೆಯ ಚೌಕದ ಮುಂದೆ ಕೀಪರಿನಂತೆ ಕೈ ಅಗಲಿಸಿ ನಿಂತ. ಸುಮುಖ್ ಒದ್ದ. ಚೆಂಡು ಎತ್ತಲೋ ಹೋಯಿತು. ಇನ್ನೊಂದು ಒದ್ದ. ಅದೂ ಹಾಗೇ. ಐದನೆಯದು ಆದಮೇಲೆ ಕಿಶೋರ್ ಚೆಂಡನ್ನು ಕೈಯಲ್ಲೇ ಹಿಡಿದುಕೊಂಡು ಬಂದ.

"ನೀ ಒದಿಯೂಮುಂದ ಕಣ್ಣು ಮುಚ್ಚತಿ."

"ಇಲ್ಲಪ್ಪ."

"ಮುಚ್ಚತಿ. ನಾ ನೋಡೇನಿ. ಡೂಮಸ್‌ನಾಗೂ ಮುಚ್ಚಿದ್ದಿ."

ಸುಮುಖ್ ಸಿಟ್ಟಿನಿಂದ ಚೆಂಡು ಕಿತ್ತುಕೊಂಡ. ಗುಡ್ಡೆ ಕಟ್ಟಿ, ಈ ಸಲ ಬೇಕೆಂದೇ ಗಮನವಿಟ್ಟ. ಓಡಿಬಂದು ಕಾಲು ಬೀಸುವಾಗ ಒಂದು ಕ್ಷಣ ಲೋಕ ಕತ್ತಲಾಯಿತು. ಕಿಶೋರ್ ಹೇಳಿದ್ದು ನಿಜ. ಕಣ್ಣು ತನ್ನನ್ನು ಕೇಳದೆ ಮುಚ್ಚಿಕೊಳ್ಳುತ್ತಿತ್ತು.

ಅದನ್ನು ತೆರೆದಿಡುವುದು ಒದೆಯುವುದಕ್ಕಿಂತ ಕಷ್ಟವಿತ್ತು. ಗುರುವಾರ ಇಪ್ಪತ್ತು ಸಲಕ್ಕೆ ಎರಡು ಸಲ ತೆರೆದಿತ್ತು. ಶುಕ್ರವಾರ ಎಂಟು ಸಲ. ಶನಿವಾರ ಕಿಶೋರ್ ಎಣಿಸುವುದನ್ನೇ ಬಿಟ್ಟ. ಅವನ ಅಂಗೈಗಳು ಚೆಂಡು ತಡೆದು ತಡೆದು ಕೆಂಪಾಗಿದ್ದವು. ಆಮೇಲೆ ಇಬ್ಬರೂ ಸೇರಿ ಮರಳು ತುಂಬಿದರು. ಕಾಲಿನ ವಿಷಯವನ್ನು ಕಿಶೋರ್ ಮತ್ತೆ ಎತ್ತಲೇ ಇಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ ಎಂದು ಸುಮುಖನಿಗೆ ಅನ್ನಿಸಿತು. ಕಿಶೋರ್ ಕೇಳಲಿಲ್ಲ.

ಫೈನಲ್ ದಿನ ಡೂಮಸ್‌ನಲ್ಲಿ ಗಾಳಿ ಜೋರಾಗಿತ್ತು. ಬಹ್ರೇನ್ ಹೆಸರಿನ ಮಣಿನಗರದ ಹುಡುಗರು ಎತ್ತರಕ್ಕಿದ್ದರು. ಮರಳಿನಲ್ಲೂ ಸಿಮೆಂಟಿನ ಮೇಲೆ ಓಡಿದಂತೆ ಓಡುತ್ತಿದ್ದರು. ಸುಮುಖ್ ಗೆರೆಯ ಹೊರಗೆ ಕುಳಿತಿದ್ದ. ಪಕ್ಕದಲ್ಲಿ ಬದಲಿ ಕೀಪರ್ ಜಿಗ್ನೇಶ್. ಮೊದಲ ಅವಧಿ ಮುಗಿದಾಗ ಎರಡು ಒಂದು. ಎರಡನೆಯದು ಮುಗಿದಾಗ ಮೂರು ಎರಡು. ಮೂರನೆಯದು, ಅಂದರೆ ಕೊನೆಯದು, ಮುಗಿಯುತ್ತಾ ಬಂದಾಗ ನಾಲ್ಕು ಮೂರು. ಪ್ರತಿ ಸಲವೂ ಮುಂದಿದ್ದವರು ಮಣಿನಗರದವರೇ.

ಉಳಿದದ್ದು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಕಿಶೋರ್ ಚೆಂಡನ್ನು ಎದೆಯಿಂದ ಇಳಿಸಿಕೊಂಡು ತಿರುಗಿದ. ಎತ್ತರದ ಹುಡುಗನೊಬ್ಬ ಹಿಂದಿನಿಂದ ಬಂದು ಅವನ ಕಾಲು ಎಳೆದ. ಸೀಟಿ ಕೂಗಿತು. ಫ್ರೀ ಕಿಕ್.

ಕಿಶೋರ್ ಏಳಲಿಲ್ಲ.

ರೆಫರಿ ಅವನ ಬಳಿ ಬಗ್ಗಿದರು. ಕೇಳಿದ್ದು ಇಲ್ಲಿಗೆ ಕೇಳಿಸಲಿಲ್ಲ, ಆದರೆ ಸುಮುಖನಿಗೆ ಆ ಪದ ಗೊತ್ತಿತ್ತು. ಕಿಶೋರ್ ತಲೆಯಾಡಿಸಿದ. ಅವನ ಕೈ ಬಲಗಾಲಿನ ಹರಡನ್ನು ಹೊರಬದಿಯಿಂದ ಹಿಡಿದುಕೊಂಡಿತ್ತು.

ಆ ಹುಡುಗ ಎಳೆದದ್ದು ಎಡಗಾಲನ್ನು.

ಎಂಟು ದಿನದ ಹಿಂದೆ ತಾನು ಹೇಗೆ ಕಾಣುತ್ತಿದ್ದೆ ಎಂಬುದು ಈಗ ಸುಮುಖನಿಗೆ ಕಂಡಿತು. ಅದೇ ಕೈ, ಅದೇ ಜಾಗ, ಹುಬ್ಬಿನ ನಡುವೆ ಅದೇ ಸುಳ್ಳು ಗಂಟು. ಕಿಶೋರನಿಗೆ ಗೊತ್ತಿತ್ತು. ಗುರುವಾರ ತಿಳಿದದ್ದಲ್ಲ. ರೈಲಿನಲ್ಲಿ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಾಗಲೇ ಗೊತ್ತಿತ್ತು.

ಗೋಹಿಲ್ ಸರ್ ಸುಮುಖನ ಭುಜ ಹಿಡಿದಿದ್ದರು. ನಿನ್ನ ಕಾಲು ತಡೆಯುತ್ತದಾ, ನಿಜ ಹೇಳು, ಇಲ್ಲದಿದ್ದರೆ ಜಿಗ್ನೇಶನನ್ನು ಕಳಿಸುತ್ತೇನೆ ಎಂದು ಅವಸರದಲ್ಲಿ ಕೇಳುತ್ತಿದ್ದರು. ಹೊರಗೇ ಉಳಿಯಲು ಇನ್ನೊಂದು ಸಲ ಅಷ್ಟೇ ಚಿಕ್ಕ ಮಾತು ಸಾಕಿತ್ತು.

"ಏನೂ ಆಗಿಲ್ಲ ಸರ್, ಹೋಗ್ತೀನಿ," ಎಂದ ಸುಮುಖ್. ಅವಸರದಲ್ಲಿ ಅದನ್ನು ಕನ್ನಡದಲ್ಲೇ ಹೇಳಿಬಿಟ್ಟಿದ್ದ. ಸರ್ ಅವನ ಮುಖ ನೋಡಿ ಭುಜ ಬಿಟ್ಟರು.

ಇಬ್ಬರ ಹೆಗಲ ಮೇಲೆ ಕೈ ಹಾಕಿ ಕಿಶೋರ್ ಎದುರಿಗೆ ಬರುತ್ತಿದ್ದ. ಹಾದುಹೋಗುವಾಗ ಮೆಲ್ಲಗೆ ಅಂದ. "ಕಣ್ಣು ತಗದು ಒದಿ."

ಸುಮುಖ್ ಮಂಡಿಯೂರಿ ಮರಳು ಬಳಿದ. ಮೇಲಿನ ಮರಳು ಬಿಸಿಯಾಗಿತ್ತು, ಒಳಗಿನದು ತಂಪು. ತಂಪು ಮರಳನ್ನೇ ಎತ್ತಿ ಗುಡ್ಡೆ ಮಾಡಿ ಅಂಗೈಯಿಂದ ತಟ್ಟಿದ. ಚೆಂಡಿಟ್ಟ. ಅಂಚಿನಲ್ಲಿ ಯಾರೋ ಏನೋ ಕೂಗಿದರು. ಗೋಲಿ ಎಂದೇ ಇರಬಹುದು. ಅವನು ಆ ಕಡೆ ತಿರುಗಲಿಲ್ಲ.

ನಾಲ್ಕು ಹೆಜ್ಜೆ ಹಿಂದೆ ಹೋದ. ಓಡಿದ.

ಕಣ್ಣು ಮುಚ್ಚಲು ಹೊರಟಿತು. ಅವನು ಬಿಡಲಿಲ್ಲ. ಪಾದ ಚೆಂಡಿಗೆ ತಗಲುವುದು ಕಂಡಿತು. ಗುಡ್ಡೆ ಒಡೆದು ಮರಳು ಸಿಡಿಯುವುದು ಕಂಡಿತು. ಕೀಪರ್ ಎಡಕ್ಕೆ ಹಾರುವುದು, ಚೆಂಡು ಅವನ ಬೆರಳಿಗೆ ತಗಲಿ ಕಂಬದ ಒಳಮೈಗೆ ಬಡಿದು ಬಲೆಯೊಳಗೆ ಇಳಿಯುವುದು, ಎಲ್ಲವೂ ಕಂಡಿತು.

ನಾಲ್ಕು ನಾಲ್ಕು.

ಆದರೆ ಅವರು ಗೆಲ್ಲಲಿಲ್ಲ. ಬೀಚ್ ಸಾಕರ್‌ನಲ್ಲಿ ಪಂದ್ಯ ಸಮವಾಗಿ ಮುಗಿಯುವಂತಿಲ್ಲ. ಹೆಚ್ಚಿನ ಮೂರು ನಿಮಿಷ ಕೊಟ್ಟರು. ಎರಡನೆಯ ನಿಮಿಷದಲ್ಲಿ ಮಣಿನಗರದ ಒಬ್ಬ ತಲೆಯಿಂದ ಗುದ್ದಿ ಗೋಲು ಹಾಕಿದ. ಅವರು ದೊಡ್ಡ ಕಪ್ ಹಿಡಿದು ಸಮುದ್ರದ ಕಡೆ ಓಡಿದರು. ಇವರಿಗೆ ಚಿಕ್ಕದೊಂದು ಕಪ್ ಸಿಕ್ಕಿತು. ಅದರೊಳಗೂ ಮರಳು ತುಂಬಿಕೊಂಡಿತ್ತು.

ಮಧ್ಯಾಹ್ನದ ರೈಲು ಭರೂಚ್‌ನಲ್ಲಿ ನಿಂತಿತು. ಗೋಹಿಲ್ ಸರ್ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಕಿಶೋರ್ ತಟಕ್ಕನೆ ಪ್ಲಾಟ್‌ಫಾರಂಗೆ ಹಾರಿದ. ದೂರದಲ್ಲಿದ್ದ ಉಪ್ಪು ಶೇಂಗಾದ ಗಾಡಿಯವರೆಗೆ ಓಡಿ, ಎರಡು ಪೊಟ್ಟಣ ಹಿಡಿದು, ಜನರ ನಡುವೆ ನುಸುಳಿಕೊಂಡು ಅಷ್ಟೇ ವೇಗದಲ್ಲಿ ಓಡಿಬಂದ. ಬಾಗಿಲಲ್ಲಿ ಸುಮುಖ್ ನಿಂತಿದ್ದ. ಕಿಶೋರನಿಗೆ ಆಗ ನೆನಪಾಯಿತು. ಇಬ್ಬರ ಕಣ್ಣೂ ಒಮ್ಮೆ ಅವನ ಬಲಗಾಲಿನ ಮೇಲೆ ನಿಂತು, ಹಾಗೇ ಮೇಲೆದ್ದವು.

"ಹಿಡಿ," ಎಂದು ಕಿಶೋರ್ ಒಂದು ಪೊಟ್ಟಣ ಕೊಟ್ಟ.

ಶೇಂಗಾ ಬೆಚ್ಚಗಿತ್ತು. ವಡೋದರಾ ಬರುವವರೆಗೂ ಇಬ್ಬರೂ ಬಾಗಿಲ ಬಳಿಯ ಸೀಟಿನಲ್ಲಿ ಅಕ್ಕಪಕ್ಕ ಕುಳಿತು ತಿಂದರು. ಸಿಪ್ಪೆ ಗಾಳಿಗೆ ಹಾರುತ್ತಿತ್ತು. ಕಿಶೋರ್ ಎದುರಿನ ಹೊಲಗಳನ್ನು ನೋಡುತ್ತಿದ್ದ.

ಸೋಮವಾರ ಶಾಲೆ ಶುರುವಾಗುವ ಮೊದಲೇ ಸುಮುಖ್ ಕ್ರೀಡಾ ಕೋಣೆಗೆ ಹೋದ. ಗೋಹಿಲ್ ಸರ್ ನೆಲದ ಮೇಲೆ ಕುಳಿತು ಚೆಂಡುಗಳಿಗೆ ಪಂಪ್ ಹೊಡೆಯುತ್ತಿದ್ದರು. ಅವನು ಬಾಗಿಲಲ್ಲೇ ನಿಂತು, ಮನೆಯಿಂದ ಗುಜರಾತಿಯಲ್ಲಿ ಜೋಡಿಸಿಕೊಂಡು ಬಂದಿದ್ದ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಿದ. ಸೆಮಿಫೈನಲ್ ದಿನ ನನ್ನ ಕಾಲಿಗೆ ಏನೂ ಆಗಿರಲಿಲ್ಲ ಸರ್. ಒದೆಯೋಕೆ ಹೆದರಿಕೆಯಾಗಿತ್ತು. ಅಮ್ಮನಿಗೂ ನಿನ್ನೆ ಹೇಳಿದ್ದೇನೆ.

ಸರ್ ಪಂಪ್ ನಿಲ್ಲಿಸಿದರು. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಹೊರಗೆ ಸಣ್ಣ ತರಗತಿಯ ಮಕ್ಕಳು ಸಾಲು ನಿಲ್ಲುವ ಗದ್ದಲ ಕೇಳುತ್ತಿತ್ತು. ಕೊನೆಗೆ ಅವರು ಚೆಂಡನ್ನು ಒತ್ತಿ ನೋಡಿ, ಅದನ್ನು ಪಕ್ಕಕ್ಕಿಟ್ಟು, ಒಳಗೆ ಬಂದು ಕೂರಲು ಹೇಳಿದರು. ಇನ್ನೊಂದು ಚೆಂಡನ್ನು ಅವನ ಕಡೆಗೆ ಉರುಳಿಸಿದರು. ಸುಮುಖ್ ಅದನ್ನು ಮಂಡಿಗಳ ನಡುವೆ ಗಟ್ಟಿಯಾಗಿ ಹಿಡಿದುಕೊಂಡ. ಸರ್ ಸೂಜಿ ಚುಚ್ಚಿ ಮತ್ತೆ ಪಂಪ್ ಹೊಡೆಯತೊಡಗಿದರು.

ಚೆಂಡು ಅರ್ಧ ತುಂಬಿದಾಗ, ತಲೆಯೆತ್ತದೆ ಕೇಳಿದರು. "ಮತ್ತೆ ಕಿಶೋರನ ಕಾಲು?"

ಸುಮುಖ್ ಚೆಂಡನ್ನೇ ನೋಡಿದ. ಅದು ಅವನ ಮಂಡಿಗಳ ನಡುವೆ ಮೆಲ್ಲಗೆ ಗಟ್ಟಿಯಾಗುತ್ತಿತ್ತು.

ತನ್ನದನ್ನು ಅವನು ಹೇಳಿಯಾಗಿತ್ತು. ಕಿಶೋರನ ಕಾಲಿಗೂ ಏನೂ ಆಗಿರಲಿಲ್ಲ ಎಂಬುದನ್ನು ಅವನು ಅವತ್ತು ಹೇಳಲಿಲ್ಲ, ಆಮೇಲೂ ಎಂದೂ ಹೇಳಲಿಲ್ಲ.